ಗುಮ್ಮಟ ಇಲ್ದೆ ಮಸೀದಿ ಆಗುತ್ತಾ?

ಪ್ರಶ್ನೆ: ನಮ್ಮೂರ ಹಳೇ ಪಳ್ಳಿಗೆ (ಮಸೀದಿಗೆ) ಹೆಂಚಿನ ಮಾಡು, ಮರದ ಕಂಬ. ಜಾಗ ಸಾಲ್ತಿಲ್ಲ ಅಂತ ಅದನ್ನ ಕೆಡವಿ ದೊಡ್ಡ ಗುಮ್ಮಟ, ಎರಡು ಮಿನಾರ್ ಇರೋ ಕಾಂಕ್ರೀಟ್ ಮಸೀದಿ ಕಟ್ಟೋ ಮಾತು ನಡೀತಿದೆ. ಈಗಿರೋದು ಮನೆ ಥರ ಕಾಣುತ್ತೆ, ಮಸೀದಿ ಥರ ಇಲ್ಲ ಅಂತಾರೆ ಹುಡುಗರು. ಗುಮ್ಮಟ ಇಲ್ದೆ ಮಸೀದಿ ಆಗುತ್ತಾ? ಹೊಸ ಕಾಲದ ಡಿಸೈನ್ ಅಂದ್ರೆ ಇದೇನಾ?
(ಓದುಗರು, ಉಡುಪಿ ಜಿಲ್ಲೆ)

ಉತ್ತರ: ಖಂಡಿತ ಆಗುತ್ತೆ. ಮೆಕ್ಕಾ ಕಡೆ ಮುಖ ಮಾಡಿ ಸಾಲಾಗಿ ನಿಲ್ಲೋಕೆ ಶುದ್ಧವಾದ ಜಾಗ, ವುಜೂ ಮಾಡೋಕೆ, ಅಂದ್ರೆ ನಮಾಜಿಗೆ ಮುಂಚೆ ಕೈಕಾಲು ಮುಖ ತೊಳ್ಕೊಳ್ಳೋಕೆ ನೀರು, ಮುಖ್ಯವಾಗಿ ಬೇಕಾಗಿರೋದು ಇಷ್ಟೇ. ಮದೀನಾದಲ್ಲಿ ಪ್ರವಾದಿಗಳ ಕಾಲದ ಮಸೀದಿಗೆ ಖರ್ಜೂರದ ಮರದ ಕಾಂಡಗಳೇ ಕಂಬ, ಗರಿಗಳೇ ಚಾವಣಿ, ಗುಮ್ಮಟ ಮಿನಾರ್ ಎರಡೂ ಇರ್ಲಿಲ್ಲ. ನಡುವೆ ಕಂಬ ಇಲ್ದೆ ದೊಡ್ಡ ಜಾಗ ಮುಚ್ಚೋಕೆ ಗುಮ್ಮಟ ಬಂತು, ಅಜಾನ್ ಕೂಗೋಕೆ, ದೂರದಿಂದ ಗುರುತು ಸಿಗೋಕೆ ಮಿನಾರ್ ಬಂತು. ಕಾಂಕ್ರೀಟ್ ಸ್ಲ್ಯಾಬು, ಮೈಕು ಬಂದ್ಮೇಲೆ ಆ ಕೆಲಸಗಳಿಗೆ ಅವು ಬೇಕೇಬೇಕು ಅಂತೇನಿಲ್ಲ, ಆದ್ರೂ ಆ ಆಕಾರ ಮನಸಲ್ಲಿ ಕೂತುಬಿಟ್ಟಿದೆ.

ಹಿಂದಿನವರು ಆಯಾ ಊರಿನ ಮಳೆ ಬಿಸಿಲು ನೋಡ್ಕೊಂಡು ಕಟ್ತಿದ್ರು. ಕೇರಳದ ಕೋಝಿಕ್ಕೋಡಿನ ಮಿಶ್ಕಾಲ್ ಪಳ್ಳಿ ನಾಲ್ಕು ಅಂತಸ್ತು, ಹೆಚ್ಚಾಗಿ ಮರದ ಕೆಲಸ, ಇಳಿಜಾರು ಮಾಡು, ಗುಮ್ಮಟದ ಸುಳಿವೇ ಇಲ್ಲ. ನಮ್ಮ ಕಲಬುರಗಿ ಕೋಟೆಯೊಳಗಿನ 1367ರ ಜಾಮಿಯಾ ಮಸೀದೀಲಿ ಗುಮ್ಮಟಗಳೇನೋ ತುಂಬಾ ಇವೆ, ಆದ್ರೆ ಮಿನಾರ್ ಇಲ್ಲ, ನಡುವಿನ ತೆರೆದ ಅಂಗಳನೂ ಇಲ್ಲ, ಇಡೀ ಜಾಗಕ್ಕೆ ಚಾವಣಿ ಹಾಕಿ ಬದಿಯ ಕಮಾನುಗಳಿಂದ ಗಾಳಿ ಬೆಳಕು ಬಿಟ್ಟಿದಾರೆ.

ಹೊಸ ಡಿಸೈನ್ ನೋಡ್ಬೇಕು ಅಂದ್ರೆ ನಿಮ್ಮ ಹುಡುಗರಿಗೆ ಢಾಕಾದ ಬೈತುರ್ ರೌಫ್ ಮಸೀದಿಯ ಫೋಟೋ ತೋರ್ಸಿ. ಮರೀನಾ ತಬಸ್ಸುಮ್ ಅನ್ನೋ ಆರ್ಕಿಟೆಕ್ಟ್ ತಮ್ಮ ಅಜ್ಜಿ ಕೊಟ್ಟ ಜಾಗದಲ್ಲಿ 2012ರಲ್ಲಿ ಮುಗಿಸಿದ್ದು, 2016ರಲ್ಲಿ ವಾಸ್ತುಶಿಲ್ಪಕ್ಕೆ ಕೊಡೋ ಆಗಾ ಖಾನ್ ಪ್ರಶಸ್ತಿ ಬಂತು. ಹೊರಗಿಂದ ಬರೀ ಇಟ್ಟಿಗೆಯ ಚೌಕ. ಸೈಟು ಕಿಬ್ಲಾಕ್ಕೆ (ಮೆಕ್ಕಾ ದಿಕ್ಕಿಗೆ) ನೇರ ಇರ್ಲಿಲ್ಲ, 13 ಡಿಗ್ರಿ ವಾರೆ, ಅದಕ್ಕೆ ಅವರು ಚೌಕದೊಳಗೆ ಒಂದು ವೃತ್ತ ಇಟ್ಟು ಅದರೊಳಗೆ ನಮಾಜಿನ ಹಾಲನ್ನೇ ಸರಿಯಾದ ದಿಕ್ಕಿಗೆ ತಿರುಗಿಸಿಬಿಟ್ರು. ಇಟ್ಟಿಗೆ ಜಾಲಿಯಿಂದ ಗಾಳಿ ಆಡುತ್ತೆ, ಚಾವಣಿಯ ಸಣ್ಣ ಸಣ್ಣ ತೂತುಗಳಿಂದ ನೆಲದ ಮೇಲೆ ಬಿಸಿಲಿನ ಚುಕ್ಕೆ ಬೀಳುತ್ತೆ, ಮೆಕ್ಕಾ ದಿಕ್ಕು ತೋರ್ಸೋ ಗೂಡು, ಅಂದ್ರೆ ಮಿಹ್ರಾಬಿನ ಜಾಗದಲ್ಲಿ ಗೋಡೇಲಿ ಉದ್ದಕ್ಕೆ ಒಂದು ಸೀಳು, ಅಲ್ಲಿಂದ ಬರೋ ಬೆಳಕೇ ದಿಕ್ಕು ಹೇಳುತ್ತೆ. ನನ್ನ ಪ್ರಕಾರ ಈಚಿನ ಮಸೀದಿಗಳಲ್ಲಿ ಇದಕ್ಕಿಂತ ಚೆನ್ನಾಗಿರೋದು ಇನ್ನೊಂದಿಲ್ಲ.

ನಿಮ್ಮ ಹುಡುಗರಿಗೆ ಅನ್ಸಿದ್ದು ಎಲ್ಲಾ ಕಡೆ ಅನ್ಸಿದೆ ಬಿಡಿ. ಟರ್ಕಿಯ ಆರ್ಕಿಟೆಕ್ಟ್ ವೇದಾತ್ ದಾಲೊಕೈ ಅಂಕಾರಾದ ಕೊಜಾತೆಪೆ ಮಸೀದಿಗೆ ಹೊಸ ಥರದ ಡಿಸೈನ್ ಕೊಟ್ಟು ಸ್ಪರ್ಧೆ ಗೆದ್ದಿದ್ರು, ಆದ್ರೆ ವಿರೋಧ ಬಂದು ಅದನ್ನ ಕೈಬಿಟ್ಟು ಗುಮ್ಮಟ ಮಿನಾರ್ ಇರೋ ಹಳೇ ಆಟೋಮನ್ (ಟರ್ಕಿ ಸುಲ್ತಾನರ ಕಾಲದ) ಶೈಲೀಲೇ ಕಟ್ಟಿದ್ರು. ಮುಂದೆ ದಾಲೊಕೈ ಅವರದೇ ಡಿಸೈನಲ್ಲಿ ಇಸ್ಲಾಮಾಬಾದಿನ ಫೈಸಲ್ ಮಸೀದಿ ಎದ್ದಿತು, ಡೇರೆ ಆಕಾರ, ಗುಮ್ಮಟ ಇಲ್ಲ, ಇವತ್ತು ಆ ಊರಿನ ಗುರುತೇ ಅದು.

ದಯವಿಟ್ಟು ಹಳೇದನ್ನ ಕೆಡವ್ಬೇಡಿ. ಹಿಂದೆ ಅಥವಾ ಪಕ್ಕದಲ್ಲಿ ಜಾಗ ಇದ್ರೆ ಅಲ್ಲಿಗೆ ಹೊಸ ಹಾಲ್ ಸೇರ್ಸಿ, ಹಳೇ ಮರ ಹೆಂಚು ರಿಪೇರಿ ಮಾಡ್ಸಿ. ಕೇರಳದ ಕೊಡುಂಗಲ್ಲೂರಿನ ಹಳೇ ಚೇರಮಾನ್ ಮಸೀದಿಗೆ ಗುಮ್ಮಟ ಮಿನಾರ್ ಸಮೇತ ಕಾಂಕ್ರೀಟ್ ಭಾಗ ಸೇರ್ಸಿದ್ರು, ಈಗ ಅದನ್ನೆಲ್ಲ ತೆಗೆದು ಹೆಂಚಿನ ರೂಪಕ್ಕೇ ವಾಪಸ್ ತಂದಿದಾರೆ. ಕಮಿಟಿಯವರನ್ನ ಒಂದ್ಸಲ ಅಲ್ಲಿಗೆ ಕರ್ಕೊಂಡು ಹೋಗಿ.

ಪ್ರಶ್ನೆ: ಮಸೀದಿ ಡಿಸೈನ್ ಮಾಡೋರು ಮುಸ್ಲಿಮರೇ ಆಗಿರ್ಬೇಕಾ?
(ವಿದ್ಯಾರ್ಥಿನಿ, ತುಮಕೂರು)

ಉತ್ತರ: ಹಾಗೇನಿಲ್ಲಮ್ಮ. ಜಕಾರ್ತಾದ ಇಸ್ತಿಕ್ಲಾಲ್ ಮಸೀದಿ ಇಂಡೋನೇಷ್ಯಾದ ರಾಷ್ಟ್ರೀಯ ಮಸೀದಿ, 1978ರಲ್ಲಿ ಉದ್ಘಾಟನೆ ಆಯ್ತು, ಆಗ್ನೇಯ ಏಷ್ಯಾದಲ್ಲೇ ದೊಡ್ಡದು. 1955ರಲ್ಲಿ ಸ್ಪರ್ಧೆ ಗೆದ್ದು ಅದರ ಡಿಸೈನ್ ಮಾಡಿದ ಫ್ರೆಡ್ರಿಕ್ ಸಿಲಬಾನ್ ಕ್ರಿಶ್ಚಿಯನ್.