ಕಟ್ಟಡ ರಾಮನಗರದಲ್ಲೇ ಏಳಲಿ

ಬ್ಯಾಡಗಿಯ ಓದುಗರೊಬ್ಬರು ಹೀಗೆ ಬರೆದಿದ್ದಾರೆ: ‘ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯದ ಹೊಸ ಆವರಣ ರಾಮನಗರಕ್ಕೆ ಹೋಯಿತು. ಬೆಂಗಳೂರಿನಿಂದ ಹೊರಗೆ ತರುವುದೇ ಆದರೆ ಹುಬ್ಬಳ್ಳಿ-ಧಾರವಾಡ ಏಕೆ ಬೇಡವಾಯಿತು? ಹೈಕೋರ್ಟ್ ಪೀಠಕ್ಕಾಗಿ ಬೀದಿಗಿಳಿದವರು ಈಗೆಲ್ಲಿ? ನನ್ನ ಮಗಳು ಹಾವೇರಿಯಲ್ಲಿ ನರ್ಸಿಂಗ್ ಓದುತ್ತಿದ್ದಾಳೆ. ನಿಮ್ಮ ಪತ್ರಿಕೆಯೂ ಬಾಯಿ ಬಿಡುವುದಿಲ್ಲ.’

ಬಾಯಿ ಬಿಡುತ್ತೇನೆ, ಆದರೆ ನೀವು ಬಯಸಿದ ಮಾತು ಬರಲಿಕ್ಕಿಲ್ಲ.

ಹೈಕೋರ್ಟ್ ಪೀಠದ ಮಾತು ಬೇರೆ. ಕಕ್ಷಿದಾರ ನ್ಯಾಯಾಲಯದ ಮೆಟ್ಟಿಲು ಹತ್ತಲೇಬೇಕು, ಅವನ ಊರಿಗೂ ನ್ಯಾಯಾಲಯಕ್ಕೂ ನಡುವಿನ ದೂರವೇ ಅವನ ಖರ್ಚು. 2008ರಲ್ಲಿ ಧಾರವಾಡಕ್ಕೆ ಸಂಚಾರಿ ಪೀಠ ಬಂದು, 2013ರಲ್ಲಿ ಅದು ಕಾಯಂ ಆದದ್ದರಿಂದ ಈ ಭಾಗದ ಜನರಿಗೆ ಆದ ಉಪಕಾರ ಕಣ್ಣಿಗೆ ಕಾಣುವಂಥದ್ದು. ಆದರೆ 1996ರಲ್ಲಿ ಹುಟ್ಟಿದ ಆರೋಗ್ಯ ವಿಶ್ವವಿದ್ಯಾಲಯದ ಮುಖ್ಯ ಕೆಲಸ ಕಾಲೇಜುಗಳಿಗೆ ಸಂಯೋಜನೆ ಕೊಡುವುದು, ಪಠ್ಯಕ್ರಮ ಗೊತ್ತುಮಾಡುವುದು, ಪರೀಕ್ಷೆ ನಡೆಸುವುದು. ಅದಕ್ಕೂ ಮೊದಲು, 1957ರಲ್ಲಿ ಆರಂಭವಾದ ಹುಬ್ಬಳ್ಳಿಯ ವೈದ್ಯಕೀಯ ಕಾಲೇಜು ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ ತೆಕ್ಕೆಯಲ್ಲೇ ಇತ್ತು. ಆಮೇಲೆ ಪದವಿ ಪತ್ರದ ಮೇಲಿನ ಹೆಸರು ಬದಲಾಯಿತು, ಹುಡುಗರು ಕಲಿತದ್ದು ಮಾತ್ರ ಹುಬ್ಬಳ್ಳಿ ವಿದ್ಯಾನಗರದ ಅದೇ ವಾರ್ಡುಗಳಲ್ಲಿ. ಕಾಲೇಜಿನ ಹೆಸರೂ ಎರಡು ಮೂರು ಸಲ ಬದಲಾಗಿದೆ, ಊರಿನವರ ಬಾಯಲ್ಲಿ ಅದು ಇಂದಿಗೂ ಕಿಮ್ಸ್.

ಇನ್ನು ರಾಮನಗರದ ಯೋಜನೆ ಒಂದೂವರೆ ದಶಕಕ್ಕೂ ಹಳೆಯದು, ಜಮೀನಿನ ವ್ಯಾಜ್ಯದಲ್ಲಿ ಬಹುಕಾಲ ಸಿಕ್ಕಿಬಿದ್ದದ್ದು. ಅಂಥದ್ದನ್ನು ನಮ್ಮೂರಿಗೆ ತರಿಸಿಕೊಳ್ಳುವ ಉಮೇದು ನನಗಿಲ್ಲ. ಒಂದು ಪ್ರಮಾಣಪತ್ರಕ್ಕಾಗಿ ನಾಲ್ಕುನೂರು ಕಿಲೋಮೀಟರ್ ರಾತ್ರಿ ಬಸ್ಸು ಹತ್ತುವುದು ಯಾರಿಗೂ ಬೇಡ ಎನ್ನುವಿರಾದರೆ ಒಪ್ಪಿದೆ. ಅದಕ್ಕೆ ಇಲ್ಲೊಂದು ಕಚೇರಿ ಸಾಕು, ನೂರು ಎಕರೆ ಬೇಕಾಗಿಲ್ಲ.

ಬೇಕಾದದ್ದು ಬೇರೆ ಇದೆ. ಹಿಂದೊಮ್ಮೆ ನಮ್ಮ ಅವ್ವ ಬಚ್ಚಲಲ್ಲಿ ಜಾರಿ ತೊಡೆಯ ಎಲುಬು ಮುರಿದುಕೊಂಡಳು. ಶಸ್ತ್ರಚಿಕಿತ್ಸೆ ಮಾಡಿದ ವೈದ್ಯರು ‘ನಾಳೆಯಿಂದ ನಡೆಸಿ’ ಎಂದು ಬರೆದಿಟ್ಟು ಹೋದರು. ರಾತ್ರಿ ಪಾಳಿಯ ನರ್ಸ್ ‘ಅಲುಗಾಡಿಸಲೇಬೇಡಿ’ ಎಂದರು. ಬೆಳಿಗ್ಗೆ ವಾಕರ್ ಹಿಡಿದು ಬಂದ ಫಿಜಿಯೋಥೆರಪಿ ಹುಡುಗಿಗೆ ಈ ಎರಡೂ ಮಾತು ಗೊತ್ತಿರಲಿಲ್ಲ. ಮೂವರೂ ಕೆಲಸ ಬಲ್ಲವರು, ಅವ್ವನನ್ನು ಅಕ್ಕರೆಯಿಂದಲೇ ನೋಡಿಕೊಂಡರು. ತಮ್ಮತಮ್ಮಲ್ಲಿ ಮಾತ್ರ ಮಾತಾಡಿರಲಿಲ್ಲ. ನಾಲ್ಕು ದಿನ ಅವರ ನಡುವೆ ಸುದ್ದಿ ಒಯ್ಯುವ ಓಲೆಕಾರನಾಗಿ ನಾನು ದುಡಿದೆ.

ಅವರು ಕಲಿತದ್ದೇ ಹಾಗೆ, ಬೇರೆ ಬೇರೆ ಕಾಂಪೌಂಡುಗಳಲ್ಲಿ. ಬೇರೆ ಬೇರೆ ವೃತ್ತಿಗಳ ವಿದ್ಯಾರ್ಥಿಗಳು ಒಬ್ಬರ ಬಗ್ಗೆ, ಒಬ್ಬರಿಂದ, ಒಬ್ಬರೊಡನೆ ಕಲಿಯಬೇಕು ಎಂದು ವಿಶ್ವ ಆರೋಗ್ಯ ಸಂಸ್ಥೆ 2010ರಲ್ಲೇ ಹೇಳಿತು. ಪ್ರಯೋಗಾಲಯ ತಂತ್ರಜ್ಞರು, ಫಿಜಿಯೋಥೆರಪಿಯವರು ಮೊದಲಾದವರಿಗಾಗಿ ಸಂಸತ್ತು 2021ರಲ್ಲಿ ಪ್ರತ್ಯೇಕ ಕಾಯ್ದೆ ತಂದಿತು. ಹೀಗಿದ್ದರೂ ನಮ್ಮಲ್ಲಿ ಹೊಸ ಆವರಣ ಎಂದರೆ ಎಂಬಿಬಿಎಸ್ ಸೀಟು ಎಷ್ಟು ಎಂಬುದೊಂದೇ ಪ್ರಶ್ನೆ. ರಾಮನಗರದಲ್ಲಿ ಎಲ್ಲರನ್ನೂ ಒಂದೇ ಬೇಲಿಯೊಳಗೆ ಕೂಡಿಸಿದರೂ ಪ್ರತ್ಯೇಕ ಪಂಕ್ತಿ ಹಾಕಿ ಕೂರಿಸಿದರೆ ಏನು ಬಂತು?

ನಮ್ಮಲ್ಲಿರುವುದನ್ನು ನೋಡಿ. ವಿದ್ಯಾನಗರದಲ್ಲಿ ಸುತ್ತಲಿನ ಜಿಲ್ಲೆಗಳ ರೋಗಿಗಳು ಬಂದು ಬೀಳುವ ದೊಡ್ಡ ಆಸ್ಪತ್ರೆ. ಧಾರವಾಡದಲ್ಲಿ 1845ರ ಹುಚ್ಚಾಸ್ಪತ್ರೆಯಿಂದ ಬೆಳೆದು ಬಂದ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್. ಗದುಗಿನಲ್ಲಿ 2015ರಿಂದ, ಹಾವೇರಿಯಲ್ಲಿ 2022ರಿಂದ ಸರ್ಕಾರಿ ವೈದ್ಯಕೀಯ ಕಾಲೇಜು. ಹಾವೇರಿಯ ನರ್ಸಿಂಗ್ ವಿದ್ಯಾರ್ಥಿನಿ ತಿಂಗಳೊಪ್ಪತ್ತು ಡಿಮ್ಹಾನ್ಸ್‌ನಲ್ಲಿ, ಅಲ್ಲಿನ ಎಂ.ಡಿ. ವಿದ್ಯಾರ್ಥಿಯ ಪಕ್ಕದಲ್ಲೇ ನಿಂತು ಕಲಿಯಲು ಏನು ಬೇಕು? ಉಳಿಯಲು ಹಾಸ್ಟೆಲ್ಲಿನಲ್ಲಿ ಮಂಚ, ಓಡಾಡಲು ಬಸ್ಸು, ಇಬ್ಬರಿಗೂ ಪಾಠ ಹೇಳುವ ಒಬ್ಬ ಶಿಕ್ಷಕ. ಬೀದಿಗಿಳಿಯುವುದಾದರೆ ಇದಕ್ಕೆ ಇಳಿಯೋಣ, ಮೊದಲ ಸಾಲಿನಲ್ಲಿ ನಾನೂ ಇರುತ್ತೇನೆ. (ಮಂಡಿ ನೋವಿದೆ, ಸಾವಕಾಶ ನಡೆಯಿರಿ.)

ಅದಕ್ಕೂ ಮೊದಲು ಒಂದು ಕೆಲಸ ಮಾಡಿ. ಒಬ್ಬನೇ ರೋಗಿಯ ಮಂಚದ ಬಳಿ ಎಂಬಿಬಿಎಸ್ ವಿದ್ಯಾರ್ಥಿಗಳೂ ತನ್ನ ತರಗತಿಯವರೂ ಕೂಡಿ ಪಾಠ ಕೇಳಿದ್ದು ಈವರೆಗೆ ಎಷ್ಟು ಸಲ ಎಂದು ಮಗಳನ್ನು ಕೇಳಿ ಬರೆಯಿರಿ. ಅವಳ ಉತ್ತರವನ್ನು, ಹೆಸರು ಕಾಲೇಜು ಎರಡನ್ನೂ ಬಿಟ್ಟು, ಮುಂದಿನ ಸಂಚಿಕೆಯಲ್ಲಿ ಅಚ್ಚು ಹಾಕುತ್ತೇನೆ.

– ಸಂಪಾದಕ