ರೋಗದ ಸುದ್ದಿ ಬಂದರೆ ಸಾಕು, ಅಮ್ಮ ರಾತ್ರಿಯೆಲ್ಲ ಗೂಗಲ್ ಮಾಡ್ತಾರೆ. ಬಿಡಿಸೋದು ಹೇಗೆ?

ನೀವು ಕೇಳಿದ್ದು ಇಷ್ಟು: ಟಿವಿಯಲ್ಲಿ ಹೊಸ ರೋಗದ ಸುದ್ದಿ ಬಂದ ಕೂಡಲೇ ನಿಮ್ಮ ಅಮ್ಮ ಮೊಬೈಲ್ ಹಿಡಿದು ಕೂರುತ್ತಾರೆ, ನಡುರಾತ್ರಿವರೆಗೆ ಹುಡುಕುತ್ತಾರೆ, ಬೆಳಗ್ಗೆ ಎದ್ದು ನನಗೂ ಅದೇ ಬಂದಿದೆ ಅನ್ನುತ್ತಾರೆ. ಇದು ಎಲ್ಲರಿಗೂ ಆಗುತ್ತಾ, ಬಿಡಿಸುವುದು ಹೇಗೆ ಅಂತ.

ನಾನು ರಾಯಚೂರು ಜಿಲ್ಲೆಯ ಮಾನ್ವಿಯಲ್ಲಿ ಮೆಡಿಕಲ್ ಶಾಪ್ ಇಟ್ಟುಕೊಂಡಿದ್ದೇನೆ. ಡಾಕ್ಟರ್ ಅಲ್ಲ. ಆದರೆ ಊರಲ್ಲಿ ಜ್ವರ ಶುರುವಾದಾಗ ಜನ ಏನು ಹುಡುಕುತ್ತಿದ್ದಾರೆ ಅನ್ನೋದು ನಮಗೆ ಬೇಗ ಗೊತ್ತಾಗುತ್ತದೆ. ಈಗ ಚೀಟಿಯ ಬದಲು ಫೋನನ್ನೇ ಕೌಂಟರ್ ಮೇಲೆ ಇಡುತ್ತಾರಲ್ಲ. "ಅಣ್ಣಾ, ಇದ್ರಾಗ ತೋರ್ಸ್ಯಾರ ನೋಡ್ರಿ, ಆ ಗುಳಿಗಿ ಕೊಡ್ರಿ."

ಹೌದು, ಎಲ್ಲರಿಗೂ ಆಗುತ್ತದೆ. 2022ರ ಡಿಸೆಂಬರ್‌ನಲ್ಲಿ ನಮ್ಮ ಮಾನ್ವಿ ತಾಲೂಕಿನ ಐದು ವರ್ಷದ ಮಗುವಿಗೆ ಝೀಕಾ ವೈರಸ್ ಇರುವುದು ಪುಣೆಯ ಲ್ಯಾಬಿನಲ್ಲಿ ಖಚಿತವಾಯಿತು. ರಾಜ್ಯಕ್ಕೇ ಅದು ಮೊದಲ ಕೇಸ್. ಅಲ್ಲಿಯವರೆಗೆ ಆ ಹೆಸರೇ ಕೇಳದವರು ಆವತ್ತು ಸಂಜೆ ಅದನ್ನೇ ಹುಡುಕಿದರು. ಹುಡುಕಿದರೆ ಮೊದಲು ಕಾಣುತ್ತಿದ್ದದ್ದು ಬ್ರೆಜಿಲ್‌ನಲ್ಲಿ 2015-16ರಲ್ಲಿ, ಬಸುರಿಯಿದ್ದಾಗ ತಾಯಿಗೆ ಝೀಕಾ ತಗುಲಿ ತಲೆ ಸಣ್ಣದಾಗಿ ಹುಟ್ಟಿದ ಕೂಸುಗಳ ಫೋಟೋ.

ಮೂರನೇ ದಿನ ಐದು ತಿಂಗಳ ಬಸುರಿ ಹೆಣ್ಣುಮಗಳೊಬ್ಬರು ಗಂಡನ ಜೊತೆ ಅಂಗಡಿಗೆ ಬಂದರು. ಜ್ವರ ಇಲ್ಲ, ಮೈಮೇಲೆ ಗುಳ್ಳೆ ಇಲ್ಲ. ಮುಖ ಮಾತ್ರ ಬಾಡಿಹೋಗಿತ್ತು. "ಎರಡು ದಿನ ಆತ್ರಿ ಅಣ್ಣಾ, ನಿದ್ದಿ ಇಲ್ಲ. ಕಣ್ಣು ಮುಚ್ಚಿದ್ರ ಆ ಕೂಸಿನ ತಲಿನ ಕಾಣ್ತೈತಿ" ಅಂದರು. ನಿಮಗೇನೂ ಆಗಿಲ್ಲ ಅಂತ ನಾನು ಹೇಳುವ ಹಾಗಿರಲಿಲ್ಲ. ಝೀಕಾ ತಗುಲಿದ ಹೆಚ್ಚಿನವರಿಗೆ ಯಾವ ಲಕ್ಷಣವೂ ಕಾಣಲ್ಲ. ತಾಯಿ ಕಾರ್ಡ್ ತಗೊಂಡು ನಾಳೆಯೇ ಸರ್ಕಾರಿ ಆಸ್ಪತ್ರೆಗೆ ಹೋಗಿ, ಹೇಗೂ ಐದನೇ ತಿಂಗಳ ಸ್ಕ್ಯಾನಿಂಗ್ ಇರುತ್ತದೆ, ಅಲ್ಲೇ ಕೇಳಿ ಅಂದೆ. ಆಮೇಲೆ ಒಂದು ಮಾತು ಕೇಳಿದೆ: ಮನೆಯಲ್ಲಿ ನೀರು ಎಲ್ಲಿ ತುಂಬಿಡ್ತೀರಿ?

ಅವರ ಓಣಿಗೆ ನಳ ಬರುವುದು ನಾಲ್ಕು ದಿನಕ್ಕೊಮ್ಮೆ. ಬಾಗಿಲ ಮುಂದೆ ಎರಡು ನೀಲಿ ಡ್ರಮ್, ಹಿತ್ತಲಲ್ಲಿ ಒಂದು ಕಲ್ಲಿನ ಬಾನಿ. ಒಂದಕ್ಕೂ ಮುಚ್ಚಳ ಇಲ್ಲ. ಝೀಕಾ, ಡೆಂಗಿ, ಚಿಕುನ್‌ಗುನ್ಯಾ ಮೂರನ್ನೂ ಹರಡುವುದು ಅದೇ ಈಡಿಸ್ ಸೊಳ್ಳೆ. ಅದು ಹಗಲು ಹೊತ್ತು ಕಚ್ಚುತ್ತದೆ. ಇಂಥ ತಿಳಿ ನೀರಲ್ಲೇ ಮೊಟ್ಟೆ ಇಡುತ್ತದೆ, ಎಂಟ್ಹತ್ತು ದಿನದಲ್ಲಿ ಹೊಸ ಸೊಳ್ಳೆ ಹಾರುತ್ತದೆ. ವಾರಕ್ಕೊಮ್ಮೆ ಡ್ರಮ್ ಪೂರ್ತಿ ಖಾಲಿ ಮಾಡಿ ಒಳಗೆ ತಿಕ್ಕಿ ತೊಳೆದರೆ ಆ ಸರಪಳಿ ಮುರಿಯುತ್ತದೆ. ಎರಡು ರಾತ್ರಿ ಓದಿದ ಆ ತಂಗಿಗೆ ಬ್ರೆಜಿಲ್ ಪೂರ್ತಿ ಗೊತ್ತಾಗಿತ್ತು. ಬಾಗಿಲ ಮುಂದಿನ ಡ್ರಮ್ ಬಗ್ಗೆ ಯಾವ ವಿಡಿಯೋನೂ ಹೇಳಿರಲಿಲ್ಲ. ನನಗೆ ಹೊಟ್ಟೆ ಉರಿದದ್ದು ಅದಕ್ಕೆ.

ಎರಡು ವಾರ ಕಳೆದ ಮೇಲೆ ನನ್ನ ಅಂಗಡಿಯಲ್ಲಿ ಝೀಕಾ ಅಂದವರು ಒಬ್ಬರೂ ಇಲ್ಲ. ಸೊಳ್ಳೆ ಇತ್ತು, ಡ್ರಮ್ ಇತ್ತು. ಸುದ್ದಿ ಮಾತ್ರ ನಿಂತಿತ್ತು. ನೀವು ಅಮ್ಮನ ವಿಷಯದಲ್ಲಿ ಗಮನಿಸಬೇಕಾದದ್ದು ಇದೇ ಅಂತ ನನಗನಿಸುತ್ತದೆ. ಜನ ರೋಗದ ಹಿಂದೆ ಹೋಗಿ ಹುಡುಕಲ್ಲ, ಸುದ್ದಿಯ ಹಿಂದೆ ಹೋಗುತ್ತಾರೆ.

ಇದರಲ್ಲಿ ಗೂಗಲ್‌ನವರೇ ಎಡವಿದ್ದಾರೆ. ಜನ ಫ್ಲೂ ಬಗ್ಗೆ ಎಷ್ಟು ಹುಡುಕುತ್ತಾರೆ ಅನ್ನೋದರಿಂದ ಅಮೆರಿಕದಲ್ಲಿ ಫ್ಲೂ ಎಷ್ಟಿದೆ ಅಂತ ಲೆಕ್ಕ ಹಾಕಲು 2008ರಲ್ಲಿ ಗೂಗಲ್ ಫ್ಲೂ ಟ್ರೆಂಡ್ಸ್ ಶುರು ಮಾಡಿದರು. ಸರ್ಕಾರದ ಲೆಕ್ಕ ಬರುವ ಮೊದಲೇ ಗೊತ್ತಾಗಲಿ ಅನ್ನೋ ಆಸೆ. 2011ರಲ್ಲಿ ಡೆಂಗಿಗೂ ಅಂಥದ್ದೇ ಒಂದು ತಂದರು, ಅದರಲ್ಲಿ ಭಾರತವೂ ಇತ್ತು. ಆದರೆ 2012-13ರ ಚಳಿಗಾಲದಲ್ಲಿ ಫ್ಲೂ ಲೆಕ್ಕ ನಿಜಕ್ಕಿಂತ ಹೆಚ್ಚುಕಡಿಮೆ ಎರಡು ಪಟ್ಟು ಬಂತು. ಟಿವಿಯಲ್ಲಿ ಸುದ್ದಿ ಜೋರಾಗಿದ್ದರಿಂದ ಜ್ವರ ಇಲ್ಲದವರೂ ಹುಡುಕಿರಬೇಕು ಅನ್ನೋದು ಅದಕ್ಕೆ ಕೊಟ್ಟ ಒಂದು ಕಾರಣ. 2015ರಲ್ಲಿ ಎರಡನ್ನೂ ನಿಲ್ಲಿಸಿದರು.

ಹಾಗಂತ ಹುಡುಕೋದೇ ತಪ್ಪು ಅಂತ ನಾನು ಹೇಳಲ್ಲ. 2021ರ ಕೊರೊನಾ ಎರಡನೇ ಅಲೆಯಲ್ಲಿ ಹಳ್ಳಿಯ ಹುಡುಗರು ಫೋನಿನಲ್ಲೇ ನೋಡಿಕೊಂಡು ಆಕ್ಸಿಮೀಟರ್ ಕೇಳಿಕೊಂಡು ಬರುತ್ತಿದ್ದರು. ಅದು ತೋರಿಸುವ ರಕ್ತದ ಆಮ್ಲಜನಕ 94ಕ್ಕಿಂತ ಕೆಳಗೆ ಇಳಿದರೆ ಆಸ್ಪತ್ರೆಗೆ ಹೋಗಬೇಕು ಅನ್ನೋದು ಓದಲು ಬಾರದವರಿಗೂ ಬಾಯಿಪಾಠವಾಗಿತ್ತು. ಆ ಒಂದು ಸಂಖ್ಯೆಯಿಂದ ಸಮಯಕ್ಕೆ ಆಸ್ಪತ್ರೆ ಸೇರಿದವರನ್ನು ನಾನು ನೋಡಿದ್ದೇನೆ.

ಡೆಂಗಿಯದ್ದು ಬೇರೆ ಕಥೆ. 2024ರಲ್ಲಿ ರಾಜ್ಯ ಸರ್ಕಾರ ಡೆಂಗಿಯನ್ನು ಸಾಂಕ್ರಾಮಿಕ ರೋಗ ಅಂತ ಘೋಷಿಸಿತಲ್ಲ, ಆ ವರ್ಷದ ಮಳೆಗಾಲ. ಪರಿಚಯದ ರೈತರೊಬ್ಬರು ಮಗನಿಗೆ ವಾಂತಿ ನಿಲ್ಲುವ ಮಾತ್ರೆ ಕೇಳಲು ಬಂದರು. ಜ್ವರ ಎಷ್ಟು ದಿನ ಇತ್ತು ಅಂದೆ. "ನಾಕು ದಿನ ಇತ್ತು. ನಿನ್ನೆ ಇಳೀತು, ಸಾಲಿಗೂ ಹೋಗಿದ್ದ. ಈಗ ಹೊಟ್ಟಿ ನೋವು ಅಂತಾನ" ಅಂದರು. ಫೋನ್ ನನ್ನ ಕೈಗೆ ಕೊಟ್ಟರು. ನಾಲ್ಕು ದಿನ ಹುಡುಕಿದ್ದೆಲ್ಲ ಅದರಲ್ಲಿ ಸಾಲಾಗಿ ಇತ್ತು: ಪ್ಲೇಟ್‌ಲೆಟ್ ಜಾಸ್ತಿ ಮಾಡುವುದು ಹೇಗೆ, ಪಪ್ಪಾಯಿ ಎಲೆ ರಸ ಎಷ್ಟು ಚಮಚ, ಡೆಂಗಿಯಿಂದ ಸಾವು. ಜ್ವರ ಇಳಿದ ದಿನ ಹುಡುಕಾಟ ನಿಂತಿತ್ತು. ಮಗ ಹುಷಾರಾದ ಅಂತ ನಂಬಿದ್ದರು, ಯಾರಾದರೂ ನಂಬುತ್ತಾರೆ ಅಲ್ವಾ?

ಡೆಂಗಿಯಲ್ಲಿ ಅಪಾಯ ಇರುವುದು ಜ್ವರ ಇಳಿದ ಮೇಲಿನ ಒಂದೆರಡು ದಿನ. ಹೊಟ್ಟೆ ತುಂಬಾ ನೋಯುವುದು, ವಾಂತಿ ನಿಲ್ಲದಿರುವುದು, ಒಸಡಲ್ಲಿ ರಕ್ತ, ಮಂಕಾಗಿ ಕೂರುವುದು ಅಥವಾ ಸುಮ್ನೆ ಚಡಪಡಿಸುವುದು, ಇದರಲ್ಲಿ ಒಂದು ಕಂಡರೂ ಆಸ್ಪತ್ರೆಗೆ ಓಡಬೇಕು. ನಾನು ಮಾತ್ರೆ ಕೊಡಲಿಲ್ಲ. ಪಕ್ಕದ ಅಂಗಡಿಯ ಹುಡುಗನ ಬೈಕಿನಲ್ಲಿ ಇಬ್ಬರನ್ನೂ ಆಸ್ಪತ್ರೆಗೆ ಕಳಿಸಿದೆ. ನಾಲ್ಕು ದಿನ ಸಲೈನ್ ಹಾಕಿದರು, ಹುಡುಗ ಉಳಿದ. ಆ ಫೋನಿನ ಸಾಲು ಇನ್ನೂ ನನ್ನ ಕಣ್ಣ ಮುಂದಿದೆ.

ಇನ್ನೊಂದು, ಇದು ಅಂಗಡಿಯವನಾಗಿ ಹೇಳಲೇಬೇಕು. "ಜ್ವರ ಬೇಗ ಇಳಿಸುವ ಮಾತ್ರೆ" ಅಂತ ಹುಡುಕಿ ಕೆಲವರು ಐಬುಪ್ರೊಫೆನ್ ಕೇಳುತ್ತಾರೆ. ಡೆಂಗಿ ಇದ್ದರೆ ಅದು ಮತ್ತು ಆಸ್ಪಿರಿನ್ ಎರಡೂ ರಕ್ತಸ್ರಾವ ಜಾಸ್ತಿ ಮಾಡಬಹುದು. ಜ್ವರ ಯಾವುದು ಅಂತ ಗೊತ್ತಾಗುವವರೆಗೆ ಪ್ಯಾರಾಸಿಟಮಾಲ್ ಮಾತ್ರ, ಅದೂ ಡಾಕ್ಟರ್ ಹೇಳಿದಷ್ಟೇ.

ಈಗ ನಿಮ್ಮ ಅಮ್ಮನ ವಿಷಯ. ಫೋನ್ ಕಿತ್ತುಕೊಳ್ಳಬೇಡಿ. ಕಿತ್ತುಕೊಂಡರೆ ಭಯ ಒಳಗೇ ಉಳಿಯುತ್ತದೆ. ಪಕ್ಕದಲ್ಲಿ ಕೂತು ಅವರು ಕೇಳುವ ಪ್ರಶ್ನೆ ಬದಲಿಸಿ. "ಇದರಿಂದ ಎಷ್ಟು ಜನ ಸತ್ತರು" ಅಂತ ಹುಡುಕುತ್ತಿದ್ದರೆ "ಇದು ಹೇಗೆ ಹರಡುತ್ತದೆ, ಯಾವ ಲಕ್ಷಣ ಕಂಡರೆ ಆಸ್ಪತ್ರೆಗೆ ಹೋಗಬೇಕು" ಅಂತ ಹುಡುಕಿಸಿ. ಟೈಪ್ ಮಾಡಲು ಬರದಿದ್ದರೆ ಮೈಕ್ ಒತ್ತಿ ಕನ್ನಡದಲ್ಲೇ ಹೇಳಲಿ. ವಿಡಿಯೋಗಿಂತ ಆರೋಗ್ಯ ಇಲಾಖೆಯ ಪುಟ ಸಿಕ್ಕರೆ ಅದನ್ನು ಓದಿ ಹೇಳಿ. ರಾತ್ರಿ ಹನ್ನೊಂದಕ್ಕೆ ಎದೆ ಡವಡವ ಅಂದರೆ 104ಕ್ಕೆ ಫೋನ್ ಮಾಡಿಸಿ, ಅದು ಸರ್ಕಾರದ ಆರೋಗ್ಯ ಸಹಾಯವಾಣಿ, ದುಡ್ಡು ಬೀಳಲ್ಲ. ಸ್ಕ್ರೀನ್ ಬದಲು ಒಬ್ಬ ಮನುಷ್ಯನ ದನಿ ಕೇಳಿದರೆ ಅಮ್ಮಂದಿರಿಗೆ ಅರ್ಧ ಭಯ ಅಲ್ಲೇ ಇಳಿಯುತ್ತದೆ, ನಾನು ಕೌಂಟರ್‌ನಲ್ಲಿ ದಿನಾ ನೋಡುತ್ತೇನೆ.

ಮನೆಯಲ್ಲಿ ಯಾರಿಗಾದರೂ ಜ್ವರ ಬಂದರೆ ಮೊದಲ ದಿನದಿಂದ ಗೋಡೆಯ ಕ್ಯಾಲೆಂಡರ್ ಮೇಲೆ ಅಮ್ಮನ ಕೈಯಲ್ಲೇ ಗುರುತು ಹಾಕಿಸಿ, ಇಳಿದ ದಿನವನ್ನೂ. ಡಾಕ್ಟರ್ ಮೊದಲು ಕೇಳುವುದು ಅದನ್ನೇ.