ಕಲ್ಲಿನ ಅಗ್ಗಿಷ್ಟಿಕೆ: ಮಸಿಗೆ ಒಣ ಬ್ರಷ್, ಸಂದಿಗೆ ಸುಣ್ಣ

ಪ್ರಶ್ನೆ: ಕಾಫಿ ತೋಟದ ಹಳೇ ಬಂಗಲೆ ನಮ್ಮದು. ಫೈರ್‌ಪ್ಲೇಸಿನ ಕಗ್ಗಲ್ಲಿನ ಮೇಲೆ ಮಸಿ ಕಟ್ಟಿದೆ. ನೀರು ಹಾಕಿ ಉಜ್ಜಿದಷ್ಟೂ ಕಪ್ಪು ಹರಡುತ್ತಿದೆ. ಆಸಿಡ್ ಬಳಸಬಹುದೇ?
– ಓದುಗರು, ಮಡಿಕೇರಿ

ಉತ್ತರ: ಆಸಿಡ್ ಖಂಡಿತ ಬೇಡ. ಕಲ್ಲು ತಡೆದುಕೊಂಡರೂ ಸಂದಿನ ಸುಣ್ಣದ ಗಾರೆ ನೊರೆಯುಕ್ಕಿ ಕರಗುತ್ತದೆ. ಕಲ್ಲಿನಲ್ಲಿರುವ ಕಬ್ಬಿಣದ ಅಂಶ ತುಕ್ಕಿನ ಕಲೆಯಾಗಿ ಮೇಲೆ ಬಂದರೆ ತೆಗೆಯುವುದು ಮಸಿಗಿಂತ ಕಷ್ಟ. ನಿಂಬೆ, ಹುಣಸೆಹುಳಿಯೂ ಗಾರೆಯನ್ನು ತಿನ್ನುತ್ತವೆ.

ಕಪ್ಪು ಹರಡಿದ್ದು ನೀರಿನಿಂದ. ಒಣಮಸಿ ಕಲ್ಲಿನ ಮೇಲೆ ಕೂತಿರುತ್ತದೆ. ಒದ್ದೆಯಾದರೆ ಸಣ್ಣ ರಂಧ್ರಗಳಿಗೆ ಇಳಿಯುತ್ತದೆ. ಬೆಂಕಿ ಆರಿ ಎರಡು ದಿನವಾಗುವವರೆಗೆ ಕಾಯಿರಿ, ಬೂದಿಯಡಿ ಕೆಂಡ ಉಳಿದಿರುತ್ತದೆ. ಮಾಸ್ಕ್ ಹಾಕಿಕೊಂಡು ನೈಲಾನ್ ಬ್ರಷ್‌ನಿಂದ ಮೇಲಿನಿಂದ ಕೆಳಕ್ಕೆ ಗುಡಿಸಿ. ತಂತಿ ಬ್ರಷ್ ಬೇಡ. ಮುರಿದ ಎಳೆಗಳು ಕಲ್ಲಿನಲ್ಲೇ ಉಳಿದು ಮಳೆಗಾಲದಲ್ಲಿ ತುಕ್ಕು ಹಿಡಿಯುತ್ತವೆ.

ಬ್ರಷ್‌ಗೆ ಪುಡಿ ಬರುವುದು ನಿಂತ ಮೇಲೆ ತೊಳೆಯಿರಿ. ಮೊದಲು ಬರೀ ನೀರಿನಿಂದ ಕಲ್ಲನ್ನು ತೇವ ಮಾಡಿ. 5 ಲೀಟರ್ ಬಿಸಿನೀರಿಗೆ ಪಾತ್ರೆ ತೊಳೆಯುವ ಲಿಕ್ವಿಡ್ ಎರಡು ಚಮಚ ಸಾಕು. ಈ ಸಲ ಕೆಳಗಿನಿಂದ ಮೇಲಕ್ಕೆ ಹೋಗಿ, ಇಲ್ಲದಿದ್ದರೆ ಕೊಳೆನೀರು ಒಣಕಲ್ಲಿನ ಮೇಲೆ ಇಳಿದು ಗೆರೆ ಬೀಳುತ್ತದೆ. ಜಿಡ್ಡು ಉಳಿದ ಕಡೆ ಚಾಕ್ ಪುಡಿಯನ್ನು ಅದೇ ಸೋಪುನೀರಿನಲ್ಲಿ ಚಪಾತಿ ಹಿಟ್ಟಿಗಿಂತ ಮೆತ್ತಗೆ ಕಲಸಿ, ಅರ್ಧ ಬೆರಳು ದಪ್ಪ ಪಟ್ಟು ಹಾಕಿ, ಪ್ಲಾಸ್ಟಿಕ್ ಮುಚ್ಚಿ. 24 ಗಂಟೆ ಬಿಟ್ಟು ಹಾಳೆ ತೆಗೆದು ಒಣಗಲು ಬಿಡಿ. ಬಿಳಿ ಪಟ್ಟು ಕಂದುಬಣ್ಣಕ್ಕೆ ತಿರುಗಿದರೆ ಜಿಡ್ಡು ಹೊರಬರುತ್ತಿದೆ ಎಂದರ್ಥ. ಮರದ ಚಮಚದಿಂದ ಕೆರೆದು ಇನ್ನೊಮ್ಮೆ ಹಾಕಿ.

ಪ್ರಶ್ನೆ: ಸಂದಿಗೆ ತುಂಬಿದ ಸಿಮೆಂಟ್ ಎರಡೇ ಚಳಿಗಾಲದಲ್ಲಿ ಬಿರುಕು ಬಿಟ್ಟಿತು. ಏನು ಮಾಡುವುದು?
– ಓದುಗರು, ಚಿಕ್ಕಮಗಳೂರು

ಉತ್ತರ: ಬಿಸಿಗೆ ಕಲ್ಲು ಹಿಗ್ಗಿ ಕುಗ್ಗುವಾಗ ಸಿಮೆಂಟ್ ಬಗ್ಗುವುದಿಲ್ಲ. ತಾನು ಒಡೆಯುತ್ತದೆ, ಇಲ್ಲವೇ ಕಲ್ಲಿನ ಅಂಚನ್ನೇ ಎಬ್ಬಿಸುತ್ತದೆ. ಸಣ್ಣ ಉಳಿಯಿಂದ ಅದನ್ನು ಸಂದಿನ ಅಗಲದ ಎರಡರಷ್ಟು ಆಳಕ್ಕೆ, ಕಡಿಮೆಯೆಂದರೂ 20 ಮಿ.ಮೀ. ಕೆತ್ತಿ ತೆಗೆಯಿರಿ. ಗ್ರೈಂಡರ್ ಹಿಡಿದರೆ ಅಂಚು ಹೋಗುತ್ತದೆ. ಧೂಳು ತೆಗೆದು ನೀರು ಚಿಮುಕಿಸಿ, ಅರಳಿಸಿ ಸೋಸಿದ ಸುಣ್ಣ 1 ಪಾಲು, ಜರಡಿ ಹಿಡಿದ ಮರಳು 3 ಪಾಲಿನ ಗಾರೆಯನ್ನು 10 ಮಿ.ಮೀ. ಪದರಗಳಲ್ಲಿ ಒತ್ತಿ ತುಂಬಿ. ಒಂದು ವಾರ ಒದ್ದೆ ಗೋಣಿ ಹೊದಿಸಿ. ಒಂದು ತಿಂಗಳು ಬೆಂಕಿ ಹಾಕದೆ, ಆಮೇಲೂ ಮೂರ್ನಾಲ್ಕು ದಿನ ಚಿಕ್ಕ ಉರಿಯಷ್ಟೇ ಇರಲಿ.

ಇದು ಹೊರಮುಖಕ್ಕೆ ಮಾತ್ರ. ಉರಿ ತಾಗುವ ಒಳಗೋಡೆಗೆ ಫೈರ್ ಬ್ರಿಕ್, ಫೈರ್ ಕ್ಲೇ ಗಾರೆಯೇ ಬೇಕು. ಕಗ್ಗಲ್ಲಿನಲ್ಲಿ ಬೆಣಚುಕಲ್ಲಿನ ಕಣಗಳಿದ್ದರೆ ಅವು 573 ಡಿಗ್ರಿ ಸೆಲ್ಸಿಯಸ್‌ನಲ್ಲಿ ತಟ್ಟನೆ ಹಿಗ್ಗಿ ಕಲ್ಲಿನ ಚಕ್ಕೆ ಏಳುತ್ತದೆ.

ಪ್ರಶ್ನೆ: ತೊಳೆದ ಕಲ್ಲಿಗೆ ವಾರ್ನಿಶ್ ಹೊಡೆಯಬಹುದೇ?
– ಓದುಗರು, ಸಕಲೇಶಪುರ

ಉತ್ತರ: ಬೇಡ. ಬಿಸಿಗೆ ಹಳದಿಯಾಗಿ ಸುಲಿಯುತ್ತದೆ, ಮಳೆಗಾಲದ ತೇವವನ್ನೂ ಕಲ್ಲಿನೊಳಗೇ ತಡೆಯುತ್ತದೆ.